ಎರೆನಾಡಿನ ಕುಡಿಯುವ ನೀರು

ಧಾರವಾಡ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಕಲಘಟಗಿಯು ಮಲೆನಾಡಿನ ಸೆರಗು. ಅಲ್ಲಿ ಕಾಡಿದೆ, ಭತ್ತದ ಗದ್ದೆಗಳಿವೆ, ಕೆರೆಗಳಿವೆ. ಅಲ್ಲಿಂದ ಪೂರ್ವಾಭಿಮುಖವಾಗಿ ಹೊರಟರೆ ಮರಗಳು ವಿರಳವಾಗುತ್ತವೆ. ಮಣ್ಣು ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ. ಅಣ್ಣಿಗೇರಿ, ನವಲಗುಂದಗಳ ಬಯಲನ್ನು ಮುಟ್ಟುವ ವೇಳೆಗೆ ಕಣ್ಣು ಹರಿಯುವಷ್ಟು ದೂರವೂ ಎರೆಭೂಮಿಯೇ. ಜೋಳ, ಹತ್ತಿ, ಕಡಲೆ, ಗೋಧಿ, ಮೆಣಸಿನಕಾಯಿಗಳನ್ನು ಧಾರಾಳವಾಗಿ ನೀಡುವ ಈ ಭೂಮಿಯು ಒಂದನ್ನು ಮಾತ್ರ ಕೊಡಲೊಲ್ಲದು. ಅದು ಕುಡಿಯುವ ನೀರು.

ನೆಲದಡಿಯಲ್ಲಿ ನೀರೇ ಇಲ್ಲವೆಂದಲ್ಲ. ಕೊಳವೆಬಾವಿಯನ್ನು ಕೊರೆದರೆ ಎಷ್ಟೋ ಕಡೆ ನೀರು ಬರುತ್ತದೆ. ಆದರೆ ಅದು ಸವಳು ನೀರು. ಅದರಲ್ಲಿ ಬೇಳೆ ಬೇಯದು, ಸಾಬೂನು ನೊರೆಗಟ್ಟದು, ಕುಡಿದರೆ ಬಾಯಾರಿಕೆಯೂ ತೀರದು. ಎರೆಮಣ್ಣಿನಲ್ಲಿ ಜೇಡಿಯ ಅಂಶ ಹೆಚ್ಚು. ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ ಈ ಮಣ್ಣು, ಮಳೆಯಲ್ಲಿ ನೆನೆದು ಉಬ್ಬಿ, ಬಿರುಕುಗಳನ್ನು ಮುಚ್ಚಿಕೊಂಡು, ನೀರನ್ನು ಸುಲಭವಾಗಿ ಕೆಳಗಿಳಿಯಗೊಡುವುದಿಲ್ಲ. ಮಳೆಯೂ ಮಿತವಾದುದು, ಬಿಸಿಲು ಪ್ರಖರವಾದುದು. ಲವಣಗಳನ್ನು ತೊಳೆದೊಯ್ಯುವಷ್ಟು ನೀರು ಹರಿಯದ ಕಾರಣ, ಆವಿಯಾದ ನೀರು ಬಿಟ್ಟುಹೋದ ಉಪ್ಪು ನೆಲದಲ್ಲಿಯೇ ಸಂಚಯವಾಗಿದೆ. ಆಳಕ್ಕೆ ಇಳಿದಷ್ಟೂ ಒಳ್ಳೆಯ ನೀರು ದೊರೆಯುವುದೆಂಬ ಬೇರೆ ಸೀಮೆಯ ಲೆಕ್ಕ ಇಲ್ಲಿ ಸಲ್ಲದು.

ಹಿರಿಯರು ಇದನ್ನು ಬಲ್ಲವರಾಗಿದ್ದರು. ಅವರು ನೆಲವನ್ನು ನಂಬದೆ ಮುಗಿಲನ್ನು ನಂಬಿ, ಊರ ಮಗ್ಗುಲಲ್ಲಿ ಕೆರೆಗಳನ್ನು ಕಟ್ಟಿಸಿದರು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ನಿರ್ಮಾಣವಾದ ತರುವಾಯ, ಅಂದರೆ 1970ರ ದಶಕದ ಅನಂತರ, ಮಳೆಯ ಜೊತೆಗೆ ಕಾಲುವೆಯ ನೀರೂ ಈ ಸೀಮೆಯ ಅನೇಕ ಕೆರೆಗಳನ್ನು ತುಂಬತೊಡಗಿತು. ಆದರೆ ಮಲಪ್ರಭೆ ಪ್ರತಿವರ್ಷವೂ ಉದಾರಿಯಲ್ಲ. ಮಹದಾಯಿ ಕಣಿವೆಯ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಲ್ಲಿ ನವಲಗುಂದ, ನರಗುಂದಗಳ ರೈತರು ಹೂಡಿದ ಧರಣಿ ವರ್ಷಗಟ್ಟಲೆ ನಡೆಯಿತು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿಯು ಈ ತಿರುವಿಗೆಂದು 3.9 ಟಿಎಂಸಿ ನೀರನ್ನು ಕರ್ನಾಟಕಕ್ಕೆ ಹಂಚಿತು. ಬೊಗಸೆ ನೀರಿಗಾಗಿ ಇಷ್ಟು ಕಾಲ ಬೀದಿಯಲ್ಲಿ ಕುಳಿತ ಜನರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕೆರೆಯ ನೀರು ಸಿಹಿಯಾದುದೇನೋ ಸರಿ. ಅದು ನಿರ್ಮಲವೆಂದು ಹೇಳಲಾಗದು. ಹರಿದುಬರುವ ಮಳೆನೀರು ಕಸವನ್ನೂ ರೋಗಾಣುಗಳನ್ನೂ ಹೊತ್ತು ತರುತ್ತದೆ. ಮೆಟ್ಟಿಲುಬಾವಿ, ಕೊಳಗಳಿಗೆ ಜನ ಇಳಿದು ನೀರು ತುಂಬುತ್ತಿದ್ದ ಕಾಲದಲ್ಲಿ ಕರ್ನಾಟಕದ ಉತ್ತರಭಾಗದ ಹಲವು ಹಳ್ಳಿಗಳನ್ನು ನಾರುಹುಣ್ಣು ಪೀಡಿಸುತ್ತಿತ್ತು. ನೀರಿನಲ್ಲಿರುವ ಕಣ್ಣಿಗೆ ಸ್ಪಷ್ಟವಾಗಿ ಕಾಣಿಸದಷ್ಟು ಚಿಕ್ಕ ಜೀವಿಯೊಂದರ ಮೂಲಕ ದೇಹವನ್ನು ಹೊಕ್ಕ ಹುಳು, ಒಂದು ವರ್ಷದ ಬಳಿಕ ಕಾಲಿನ ಚರ್ಮವನ್ನು ಸೀಳಿಕೊಂಡು ದಾರದಂತೆ ಹೊರಬರುತ್ತಿತ್ತು. ಈ ರೋಗಕ್ಕೆ ಔಷಧವಿರಲಿಲ್ಲ. ನೀರನ್ನು ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸುವುದರಿಂದಲೂ, ಮೆಟ್ಟಿಲುಬಾವಿಗಳನ್ನು ಬದಲಿಸಿದುದರಿಂದಲೂ ಅದು ಅಳಿಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಬಟ್ಟೆಗೆ ಸಿಕ್ಕದ ಸೂಕ್ಷ್ಮಾಣುಗಳನ್ನು ಮರಳು ತಡೆಯಬಲ್ಲದು. ನಿಧಾನ ಮರಳು ಸೋಸುವಿಕೆಯೆಂಬ ವಿಧಾನದಲ್ಲಿ ನೀರು ಮರಳಿನ ಹಾಸಿನ ಮೂಲಕ ಮೆಲ್ಲಗೆ ಇಳಿಯುತ್ತದೆ. ಕೆಲವು ವಾರಗಳಲ್ಲಿ ಮರಳಿನ ಮೇಲ್ಮೈಯಲ್ಲಿ ಜೀವಾಣುಗಳ ತೆಳುಪೊರೆಯೊಂದು ಬೆಳೆಯುತ್ತದೆ. ರೋಗಾಣುಗಳಲ್ಲಿ ಬಹುಪಾಲನ್ನು ಅದೇ ಹಿಡಿದು ನಾಶಮಾಡುತ್ತದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ಕಾಲರಾ ಮುತ್ತಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣವು ಅದೇ ಎಲ್ಬೆ ನದಿಯ, ಅದಕ್ಕಿಂತಲೂ ಕೊಳೆಯಾದ ನೀರನ್ನು ಬಳಸುತ್ತಿದ್ದರೂ ಬಹುಮಟ್ಟಿಗೆ ಪಾರಾಯಿತು. ಆಲ್ಟೋನಾದವರು ನೀರನ್ನು ಮರಳಿನಲ್ಲಿ ಸೋಸುತ್ತಿದ್ದರು, ಹ್ಯಾಂಬರ್ಗಿನವರು ಸೋಸುತ್ತಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಅಲ್ಲಿಯ ಯಂತ್ರವು ಸವಳು ನೀರನ್ನು ಒತ್ತಡದಿಂದ ಸೂಕ್ಷ್ಮಪೊರೆಯ ಮೂಲಕ ನೂಕಿ ಉಪ್ಪನ್ನು ಬೇರ್ಪಡಿಸುತ್ತದೆ. ಇದು ಉಪಕಾರಿಯೇ. ಆದರೆ ಒತ್ತಡಕ್ಕೆ ವಿದ್ಯುತ್ತು ಬೇಕು. ಪೊರೆಯನ್ನು ಆಗಾಗ ಬದಲಿಸಬೇಕು. ಬೇರ್ಪಟ್ಟ ಉಪ್ಪನ್ನು ಹೊತ್ತ ನೀರನ್ನು ಚರಂಡಿಗೆ ಬಿಟ್ಟರೆ ಅದು ಮೊದಲೇ ಉಪ್ಪುಗಟ್ಟಿದ ನೆಲಕ್ಕೆ ಮರಳುತ್ತದೆ. ಉಪ್ಪಿಲ್ಲದ ಕೆರೆಯ ನೀರಿಗೆ ಈ ಯಂತ್ರದ ಅಗತ್ಯವೇ ಇಲ್ಲ.

ಶಕ್ತಿಯ ಲೆಕ್ಕವೂ ಕೆರೆಯ ಪರವಾಗಿಯೇ ಇದೆ. ಒಂದು ಸಾವಿರ ಲೀಟರ್ ನೀರನ್ನು 10 ಮೀಟರ್ ಎತ್ತರಕ್ಕೆ ಏರಿಸಲು ಬೇಕಾಗುವ ಶಕ್ತಿ ಸುಮಾರು 27 ವ್ಯಾಟ್-ಗಂಟೆ; 100 ಮೀಟರ್ ಆಳದಿಂದ ಎತ್ತುವುದಾದರೆ ಅದರ ಹತ್ತುಪಟ್ಟು. ತಲೆಗೆ ದಿನಕ್ಕೆ 55 ಲೀಟರಿನಂತೆ ಎರಡು ಸಾವಿರ ಜನರ ಹಳ್ಳಿಗೆ 1,10,000 ಲೀಟರ್ ಬೇಕು. ಕೆರೆಯಿಂದ ಅಷ್ಟನ್ನು ಎತ್ತರದ ತೊಟ್ಟಿಗೆ ಏರಿಸಲು, ಪಂಪಿನ ನಷ್ಟವನ್ನು ಸೇರಿಸಿದರೂ, ಆರೇಳು ಯೂನಿಟ್ ಸಾಕು. ಎರಡು ಕಿಲೋವ್ಯಾಟಿನ ಸೌರಫಲಕಗಳು ಒಳ್ಳೆಯ ಬಿಸಿಲಿನ ದಿನ ಇಷ್ಟನ್ನು ಉತ್ಪಾದಿಸಬಲ್ಲವು. ಬ್ಯಾಟರಿಯೂ ಬೇಡ, ಹಗಲಿನ ಬಿಸಿಲು ತೊಟ್ಟಿಯಲ್ಲಿ ನೀರಾಗಿ ನಿಂತು, ಇರುಳು ತಾನಾಗಿಯೇ ನಲ್ಲಿಗೆ ಇಳಿಯುತ್ತದೆ.

ಹಳ್ಳಿಯೇ ತನ್ನ ಶಕ್ತಿಯಿಂದ ನೀರು ಪಡೆದ ನಿದರ್ಶನ ಕರ್ನಾಟಕದಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಗೋಬರ್ ಅನಿಲದ ಸ್ಥಾವರವನ್ನು ಕಟ್ಟಿದರು. ಎಲ್ಲರ ಮನೆಯ ಒಲೆಗೆ ಅನಿಲ ಒದಗಿಸಬೇಕೆಂಬುದು ಅವರ ಮೊದಲ ಯೋಚನೆ. ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಊರವರಿಗೆ ಒಲೆಗಿಂತ ಮೊದಲು ಬೇಕಾಗಿದ್ದುದು ನೀರು. 1987ರಿಂದ ಆ ಅನಿಲವು, ಸ್ವಲ್ಪ ಡೀಸೆಲ್ಲಿನ ನೆರವಿನೊಡನೆ, ಎಂಜಿನನ್ನು ನಡೆಸಿ ಕೊಳವೆಬಾವಿಯ ನೀರನ್ನು ನಲ್ಲಿಗೂ ಬೆಳಕನ್ನು ಮನೆಗೂ ತಲುಪಿಸಿತು. ಸಗಣಿ ತಂದವರಿಗೆ ತೂಕದಂತೆ ಹಣ ದೊರೆಯುತ್ತಿತ್ತು. ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಅವರಿಗೇ ಹಿಂದಿರುಗುತ್ತಿತ್ತು. ಕೆಲವು ವರ್ಷ ಚೆನ್ನಾಗಿ ನಡೆದ ಆ ಸ್ಥಾವರವು ಮುಂದೆ ನಿಂತುಹೋಯಿತು.

ನವಲಗುಂದದ ಬಯಲಿಗೆ ಪುರದ ಕೊಳವೆಬಾವಿ ಒಗ್ಗದು; ಅಲ್ಲಿಯ ಲೆಕ್ಕದ ಪುಸ್ತಕವು ಒಗ್ಗೀತು. ಮರಳಿನ ಹಾಸಿನ ಮೇಲ್ಪದರವು ಕೆಲವು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತದೆ. ಆಗ ಒಂದೆರಡು ಬೆರಳ ದಪ್ಪ ಮರಳನ್ನು ಕೆರೆದು ತೆಗೆಯಬೇಕು. ಸೌರಫಲಕದ ಧೂಳನ್ನು ಒರೆಸಬೇಕು. ಕೆರೆಗೆ ದನ ಇಳಿಯದಂತೆ ಕಾಯಬೇಕು. ಇವಾವುದಕ್ಕೂ ಇಂಜಿನಿಯರರು ಬೇಕಿಲ್ಲ. ಆದರೆ ಈ ಕೆಲಸ ಯಾರದು, ಅದರ ಕೂಲಿಯನ್ನು ಯಾರು ಕೊಡತಕ್ಕದ್ದು ಎಂಬುದನ್ನು ಫಲಕ ಬರುವ ಮೊದಲೇ ಊರು ಕೂಡಿ ತೀರ್ಮಾನಿಸಿರಬೇಕು.