ಎಂಟರಲ್ಲೊಂದರ ಒಗಟು: ಅತಿವಾಹಕಗಳಲ್ಲಿ ಅವಸ್ಥೆಗಳ ಸ್ಪರ್ಧೆ

ಪದಾರ್ಥದ ಅವಸ್ಥೆಗಳು ಘನ, ದ್ರವ, ಅನಿಲವೆಂದು ಮೂರು ಎಂಬುದಾಗಿ ನಾವು ಎಳೆಯರಿಗೆ ಬೋಧಿಸುತ್ತ ಬಂದಿದ್ದೇವೆ. ಈ ವಿಭಾಗ ತಪ್ಪಲ್ಲ, ಅಪೂರ್ಣ. ಘನವೆಂದು ಹೇಳಿ ನಾವು ಕೈಬಿಡುವ ವಸ್ತುವಿನ ಒಡಲಿನಲ್ಲಿಯೇ ಎಲೆಕ್ಟ್ರಾನುಗಳು ತಮ್ಮವೇ ಆದ ಹಲವು ಅವಸ್ಥೆಗಳನ್ನು ತಾಳಬಲ್ಲವು. ಅಂತಹ ಎರಡು ಅವಸ್ಥೆಗಳು ಏಕಕಾಲದಲ್ಲಿ ತಲೆದೋರಲು ಹವಣಿಸಿದರೆ ಏನಾದೀತೆಂಬುದು ಪ್ರಕೃತ ಲೇಖನದ ವಿಷಯ. ಭಾಷಾಪಂಡಿತನಿಗೆ ಇದರ ಗೊಡವೆ ಏಕೆಂದು ಕೆಲವರು ಕೇಳಬಹುದು. ವಿಜ್ಞಾನಿಗಳು ಇದನ್ನು ‘ಸ್ಪರ್ಧೆ’ ಎಂದು ಕರೆದಿದ್ದಾರೆ. ಆ ಪದವು ಇಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ನನ್ನ ಜಿಜ್ಞಾಸೆ.

ವಿದ್ಯುತ್ತು ಕಿಂಚಿತ್ತೂ ತಡೆಯಿಲ್ಲದೆ ಹರಿಯುವ ಗುಣಕ್ಕೆ ಅತಿವಾಹಕತೆಯೆಂದು ಹೆಸರು. 1911ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕ್ಯಾಮರ್ಲಿಂಗ್ ಓನ್ಸ್ ಇದನ್ನು ಪಾದರಸದಲ್ಲಿ ಕಂಡರು. ಅದಕ್ಕೆ ಬೇಕಾದ ಶೈತ್ಯ ಸುಮಾರು 4 ಕೆಲ್ವಿನ್, ಅಂದರೆ ಸೊನ್ನೆಗಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. 1986ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ಬಳಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಎಂಬ ವಿದ್ವಾಂಸರು ಲ್ಯಾಂಥನಮ್, ಬೇರಿಯಮ್, ತಾಮ್ರ, ಆಮ್ಲಜನಕಗಳ ಸಂಯುಕ್ತವೊಂದರಲ್ಲಿ 30 ಕೆಲ್ವಿನ್ನಿನ ಆಸುಪಾಸಿನಲ್ಲಿಯೇ ಆ ಗುಣವನ್ನು ಕಂಡಾಗ ಲೋಕವೇ ಬೆರಗಾಯಿತು. 1987ರಲ್ಲಿ ಇಟ್ರಿಯಮ್ ಬೆರೆತ ಬಳಗದ ವಸ್ತುವೊಂದು 93 ಕೆಲ್ವಿನ್ ಮುಟ್ಟಿತು. ಆ ವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಈ ವಸ್ತುವಿನ ಮೇಲೆ ಕೆಲಸ ಮಾಡಿ ಫಲಿತಾಂಶ ಪ್ರಕಟಿಸಿತೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ. ತಾಮ್ರ ಮತ್ತು ಆಮ್ಲಜನಕಗಳ ಪದರಗಳುಳ್ಳ ಇವೆಲ್ಲವಕ್ಕೂ ಕುಪ್ರೇಟುಗಳೆಂಬುದು ಸಾಮಾನ್ಯ ನಾಮ.

ಸೋಜಿಗವೆಂದರೆ ಇವುಗಳ ಮೂಲವಸ್ತು ಅತಿವಾಹಕವಿರಲಿ, ವಾಹಕವೂ ಅಲ್ಲ. ದಾಸೋಹದ ಪಂಕ್ತಿಯಲ್ಲಿ ಎಲೆಗೊಬ್ಬರಂತೆ ಒತ್ತಾಗಿ ಕುಳಿತಾಗ ಯಾರೂ ಸರಿದಾಡಲು ಆಗದಷ್ಟೆ? ಹಾಗೆಯೇ ತಾಮ್ರದ ಪರಮಾಣುವಿಗೊಂದರಂತೆ ನೆಲೆನಿಂತ ಎಲೆಕ್ಟ್ರಾನುಗಳು ಪರಸ್ಪರ ವಿಕರ್ಷಣೆಯಿಂದ ಕದಲಲಾರವು. ಒಂದರ ಕಾಂತಮುಖ ಮೇಲಾದರೆ ನೆರೆಯದರದು ಕೆಳಗಾಗುತ್ತದೆ. ಲ್ಯಾಂಥನಮ್ಮಿನ ಸ್ವಲ್ಪ ಭಾಗವನ್ನು ತೆಗೆದು ಬೇರಿಯಮ್ ಇಟ್ಟರೆ ಪಂಕ್ತಿಯಲ್ಲಿ ಕೆಲವು ಎಲೆಗಳು ತೆರವಾಗುತ್ತವೆ. ಈ ತೆರವುಗಳಿಗೆ ರಂಧ್ರಗಳೆಂದು ಹೆಸರು. ನೂರಕ್ಕೆ ಐದರಷ್ಟು ರಂಧ್ರಗಳಾದಾಗ ಅತಿವಾಹಕತೆ ಮೊಳೆಯುತ್ತದೆ. ಹದಿನಾರರ ಸಮೀಪದಲ್ಲಿ ಅದು ಉಚ್ಛ್ರಾಯಕ್ಕೇರುತ್ತದೆಂಬುದು ಸಾಮಾನ್ಯ ನಿಯಮ.

ಒಗಟು ಇರುವುದು ಈ ಏರಿಕೆಯ ನಡುವೆ. ಎಂಟು ತಾಮ್ರಕ್ಕೆ ಒಂದು ರಂಧ್ರವೆಂಬ ಪ್ರಮಾಣ ಬಂದೊಡನೆ ಬೇರಿಯಮ್ ಕುಪ್ರೇಟಿನಲ್ಲಿ ಅತಿವಾಹಕತೆಯು 30 ಕೆಲ್ವಿನ್ನಿನ ಆಸುಪಾಸಿನಿಂದ ಸುಮಾರು 4 ಕೆಲ್ವಿನ್ನಿಗೆ ಕುಸಿಯುತ್ತದೆ. ಪ್ರಮಾಣ ಇನ್ನಷ್ಟು ಹೆಚ್ಚಿದರೆ ಮತ್ತೆ ಏರುತ್ತದೆ. 1988ರಲ್ಲಿ ಕಂಡ ಈ ಕಂದರಕ್ಕೆ ಕಾರಣವನ್ನು 1995ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಟ್ರಾಂಕ್ವಾಡ ಮತ್ತು ಸಂಗಡಿಗರು ಸೋದರವಸ್ತುವೊಂದರ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ ತೋರಿದರು. ರಂಧ್ರಗಳು ಚದುರಿ ನಿಲ್ಲದೆ ಪಟ್ಟೆಪಟ್ಟೆಯಾಗಿ ಸಾಲುಗಟ್ಟಿದ್ದವು. ನಾಲ್ಕು ಸಾಲಿಗೊಂದು ರಂಧ್ರದ ಸಾಲು. ಆ ಸಾಲಿನಲ್ಲಿ ಎರಡು ತಾಮ್ರಕ್ಕೊಂದು ರಂಧ್ರ. ಎರಡು ನಾಲ್ಕಲ ಎಂಟು: ಲೆಕ್ಕ ಸರಿಹೋಯಿತು! ಸ್ಫಟಿಕದಲ್ಲಿನ ಅಲ್ಪವಾದೊಂದು ಓರೆಯು ಪಟ್ಟೆಗಳನ್ನು ಬಿಗಿಹಿಡಿಯುತ್ತದೆ. ಇಟ್ರಿಯಮ್ ಕುಪ್ರೇಟಿನಲ್ಲಿಯೂ ಇದಕ್ಕೆ ಸಮೀಪವಾದ ವಿದ್ಯುದಲೆಯೊಂದನ್ನು 2012ರಲ್ಲಿ ಕ್ಷ-ಕಿರಣಗಳಿಂದ ಕಂಡರು. ವಸ್ತು ತಣ್ಣಗಾದಂತೆ ಆ ಅಲೆ ಬಲಿಯುತ್ತದೆ, ಅತಿವಾಹಕತೆ ತಲೆದೋರಿದೊಡನೆ ಸೊರಗುತ್ತದೆ. ಪ್ರಬಲ ಕಾಂತಕ್ಷೇತ್ರದಿಂದ ಅತಿವಾಹಕತೆಯನ್ನು ತಗ್ಗಿಸಿದರೆ ಮರಳಿ ಬಲಿಯುತ್ತದೆ. ಸ್ಪರ್ಧೆಗೆ ಇದಕ್ಕಿಂತ ಸಾಕ್ಷ್ಯ ಬೇಕೆ?

ವ್ಯಾಕರಣದಲ್ಲಿ ತುಲ್ಯಬಲವುಳ್ಳ ಎರಡು ವಿಧಿಗಳು ಒಂದೆಡೆ ಪ್ರಾಪ್ತವಾದರೆ ಅದಕ್ಕೆ ವಿಪ್ರತಿಷೇಧವೆಂದು ಹೆಸರು. ಪಾಣಿನಿಯ ಮತದಲ್ಲಿ ಪರವಿಧಿಗೇ ಜಯ. ಎರಡೂ ಒಟ್ಟಿಗೆ ನಡೆಯಲಾರವೆಂಬುದು ಅಲ್ಲಿನ ತಳಹದಿ. ಎಂಟರಲ್ಲೊಂದರ ಒಗಟೂ ಇಂತಹುದೇ, ಪಟ್ಟೆ ಗೆದ್ದಿತು, ಅತಿವಾಹಕತೆ ಸೋತಿತು ಎಂದು ಬಹುಕಾಲ ತಿಳಿದಿದ್ದರು. 2007ರ ಪ್ರಯೋಗಗಳು ಆ ತಿಳಿವಳಿಕೆಯನ್ನು ಅಲುಗಿಸಿದವು. ಅದೇ ಬೇರಿಯಮ್ ಕುಪ್ರೇಟಿನಲ್ಲಿ 40 ಕೆಲ್ವಿನ್ನಿನ ಸಮೀಪದಿಂದಲೇ ಒಂದೊಂದು ಪದರದೊಳಗೂ ಅತಿವಾಹಕತೆಯ ಲಕ್ಷಣಗಳಿದ್ದವು. ಪದರದಿಂದ ಪದರಕ್ಕೆ ಮಾತ್ರ ಅದು ದಾಟುತ್ತಿರಲಿಲ್ಲ. ಒಂದು ಪದರದ ಪಟ್ಟೆಗಳು ನೆರೆಪದರದವಕ್ಕೆ ಅಡ್ಡಲಾಗಿವೆ. ಅತಿವಾಹಕತೆಯೇ ಪಟ್ಟೆಪಟ್ಟೆಗೂ ಚಿಹ್ನೆ ಬದಲಿಸುತ್ತ, ಧನ ಋಣವಾಗಿ ಅಲೆಯಾಡುತ್ತಿದ್ದರೆ ಪದರಗಳ ನಡುವಿನ ಬೆಸುಗೆ ಒಂದನ್ನೊಂದು ಕಳೆದು ಶೂನ್ಯವಾಗುತ್ತದೆ. ಇದು ಸಿದ್ಧಾಂತಿಗಳು ನೀಡಿದ ವಿವರಣೆ.

ಇದು ನಿಜವಾದಲ್ಲಿ ಈ ವಸ್ತುವಿನಲ್ಲಿ ಪಟ್ಟೆಯೂ ಅತಿವಾಹಕತೆಯೂ ಶತ್ರುಗಳಲ್ಲ, ಒಂದೇ ಮಗ್ಗದ ಹಾಸು ಹೊಕ್ಕುಗಳು. ವಿಜ್ಞಾನಿಗಳಲ್ಲಿ ಹಲವರು ಈಗ ‘ಹೆಣೆದುಕೊಂಡ’ ಅವಸ್ಥೆಗಳೆಂದೇ ಹೇಳುತ್ತಿದ್ದಾರೆ. ನನಗೂ ಅದೇ ಹೆಚ್ಚು ಸಾಧುವಾಗಿ ತೋರುತ್ತದೆ. ಆದರೆ ಆ ಅಲೆಯಾಡುವ ಅತಿವಾಹಕತೆಗೆ ಸರ್ವಸಮ್ಮತವಾದ ಪ್ರತ್ಯಕ್ಷ ಪ್ರಮಾಣ ಇನ್ನೂ ದೊರೆತಿಲ್ಲ. ಅದರ ಶೋಧ ನಡೆದೇ ಇದೆ.