ಚಂಡಮಾರುತವೂ ಭೂಕಂಪವೂ ಕೂಡಿ ಬಂದಾಗ

2021ರ ಮೇ ತಿಂಗಳು ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. ಅರಬ್ಬೀ ಸಮುದ್ರದಲ್ಲಿ ಎದ್ದ 'ತೌಕ್ತೆ' ಚಂಡಮಾರುತವು 15 ಮತ್ತು 16ರಂದು ನಮ್ಮ ಕರಾವಳಿಯನ್ನು ಬಡಿಯಿತು. ಮಂಗಳೂರು, ಉಡುಪಿಗಳ ಕಡೆಯ ಸುದ್ದಿಗಾಗಿ ಇಲ್ಲಿ ನಾವು ಕಾತರದಿಂದ ಕಾದೆವು. 17ರ ಬೆಳಗಿನ ಜಾವ ಸೌರಾಷ್ಟ್ರದಲ್ಲಿ ನೆಲ ನಡುಗಿತು. ಅದೇ ರಾತ್ರಿ ಚಂಡಮಾರುತವೂ ಸೌರಾಷ್ಟ್ರದ ದಡವನ್ನೇ ಹತ್ತಿತು. ಅದರ ಉಳಿಕೆ ಉತ್ತರಕ್ಕೆ ಸರಿದು, ಕಿದ್ವಾಯಿ ನಗರಕ್ಕೆ ಸಮೀಪವಾದ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನಕ್ಕೆ 119.3 ಮಿಲಿಮೀಟರ್ ಮಳೆ ಸುರಿಸಿತು. ಗಾಳಿಯೇ ಭೂಮಿಯನ್ನು ಅಲುಗಿಸಿತೇ ಎಂಬ ಸಂದೇಹ ಆಗ ಹಲವರಿಗೆ ಬಂದದ್ದು ಸಹಜವೇ. ಆ ಸಂದೇಹವನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಲೆಕ್ಕ ನೋಡೋಣ. 4ರಿಂದ 5ರವರೆಗಿನ ಪರಿಮಾಣದ ಭೂಕಂಪಗಳು ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಆಗುತ್ತವೆ; ಎಂದರೆ ದಿನಕ್ಕೆ ಮೂವತ್ತರ ಸುಮಾರು. ಉಷ್ಣವಲಯದ ಬಿರುಗಾಳಿಗಳು ವರ್ಷಕ್ಕೆ ಎಂಬತ್ತರಷ್ಟು. ಒಂದೊಂದೂ ಹಲವು ದಿನ ಬಾಳುತ್ತದೆ. ಹೀಗಿರುವಲ್ಲಿ ಇವೆರಡೂ ಆಗಾಗ ಒಂದೇ ದಿನ ಬೀಳದಿದ್ದರೆ ಅದೇ ಆಶ್ಚರ್ಯ. ಜೊತೆಯಾಗಿ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು.

ಇನ್ನು ಬಲದ ಮಾತು. ತೀವ್ರ ಚಂಡಮಾರುತದ ನಡುವೆ ಗಾಳಿಯ ಒತ್ತಡ ಸುಮಾರು 50 ಮಿಲಿಬಾರ್ ಇಳಿಯಬಹುದು. ಇದು ಅರ್ಧ ಮೀಟರ್ ಆಳದ ನೀರಿನ ಭಾರಕ್ಕೆ ಸಮ. ವಾತಾವರಣದ ಒತ್ತಡದ ಇಪ್ಪತ್ತರಲ್ಲಿ ಒಂದು ಪಾಲು. ಭೂಕಂಪದಲ್ಲಿ ಬಿಡುಗಡೆಯಾಗುವ ಬಿಗಿತವಾದರೋ ಸಾಮಾನ್ಯವಾಗಿ ವಾತಾವರಣದ ಒತ್ತಡದ ಹತ್ತರಿಂದ ನೂರು ಪಟ್ಟು. ಆ ಬಿಗಿತವನ್ನು ಕೂಡಿಸಿಡುವುದು ಭೂಫಲಕಗಳ ನಿಧಾನ ಚಲನೆ, ಗಾಳಿಯಲ್ಲ.

ಆದರೂ ಸಂಬಂಧವೇ ಇಲ್ಲವೆಂದು ಸಾರಾಸಗಟಾಗಿ ಹೇಳುವಂತಿಲ್ಲ. ಪೂರ್ವ ತೈವಾನಿನಲ್ಲಿ ಭೂಮಿಯೊಳಗೆ ಸೂಕ್ಷ್ಮ ಯಂತ್ರಗಳನ್ನು ಇಳಿಸಿ ಐದು ವರ್ಷ ನೋಡಿದ ವಿಜ್ಞಾನಿಗಳು, 20 'ನಿಧಾನ ಭೂಕಂಪ'ಗಳಲ್ಲಿ 11 ಟೈಫೂನ್ ಬಂದ ಸಮಯದಲ್ಲಿಯೇ ಆದವೆಂದು 2009ರಲ್ಲಿ ಪ್ರಕಟಿಸಿದರು. ನಿಧಾನ ಭೂಕಂಪವೆಂದರೆ ಬಿರುಕು ಗಂಟೆಗಟ್ಟಲೆ ಮೆಲ್ಲನೆ ಜಾರುವುದು. ಮನುಷ್ಯರಿಗೆ ಅದು ತಿಳಿಯುವುದೇ ಇಲ್ಲ. ಆಗಲೇ ಜಾರಲು ಸಿದ್ಧವಾಗಿರುವ ಬಿರುಕಿಗೆ ಗಾಳಿಯ ಒತ್ತಡದ ಇಳಿತ ಕೊನೆಯ ನೆಪವಾಗಬಹುದು, ಅಷ್ಟೆ.

ಸಂದೇಹವು ಹೇಗೆ ಇತಿಹಾಸವಾಗಿಬಿಡುತ್ತದೆಂಬುದಕ್ಕೆ ಕಲ್ಕತ್ತೆಯ ಉದಾಹರಣೆ ಒಂದಿದೆ. 1737ರ ಅಕ್ಟೋಬರಿನಲ್ಲಿ ಅಲ್ಲಿ ಚಂಡಮಾರುತ ಎರಗಿತು. ಜೊತೆಗೆ ಭೂಕಂಪವೂ ಆಯಿತು, ಮೂರು ಲಕ್ಷ ಜನ ಸತ್ತರು ಎಂದು ಮರುವರ್ಷ ಲಂಡನ್ನಿನ ಪತ್ರಿಕೆ ಅಚ್ಚುಹಾಕಿತು. ಅದು ಪುಸ್ತಕದಿಂದ ಪುಸ್ತಕಕ್ಕೆ ಹರಿಯಿತು. ಆದರೆ ಆಗಿನ ಕಲ್ಕತ್ತೆಯ ಒಟ್ಟು ಜನಸಂಖ್ಯೆಯೇ ಅಷ್ಟಿರಲಿಲ್ಲ! ರೋಜರ್ ಬಿಲ್ಹಮ್ ಎಂಬ ಭೂಕಂಪ ವಿಜ್ಞಾನಿ 1994ರಲ್ಲಿ ಹಳೆಯ ಕಾಗದಪತ್ರಗಳನ್ನು ಪರಿಶೀಲಿಸಿದಾಗ, ಕಂಪನಿಯ ವರದಿಯಲ್ಲಿ ಭೂಕಂಪದ ಮಾತೇ ಕಾಣಲಿಲ್ಲ. ಪಟ್ಟಣದಲ್ಲಿ ಸತ್ತವರು ಸುಮಾರು ಮೂರು ಸಾವಿರವೆಂದಿತ್ತು.

ಹಾಗಾದರೆ ಇವು ಕೂಡಿಬಂದರೆ ಚಿಂತೆಯಿಲ್ಲವೆ? ಚಿಂತೆ ಇದೆ, ಆದರೆ ಬೇರೆ ಕಾರಣಕ್ಕಾಗಿ. 1923ರ ಸೆಪ್ಟೆಂಬರ್ 1ರಂದು ಮಧ್ಯಾಹ್ನದ ಅಡುಗೆಯ ಹೊತ್ತಿಗೆ ಟೋಕಿಯೋ ಪ್ರಾಂತ ಕಂಪಿಸಿತು. ಒಲೆಗಳಿಂದ ಹತ್ತಿದ ಬೆಂಕಿಯನ್ನು ಆಗಲೇ ಜಪಾನನ್ನು ಹಾಯುತ್ತಿದ್ದ ಟೈಫೂನಿನ ಗಾಳಿ ಊದಿತು. ಸತ್ತ ಒಂದು ಲಕ್ಷಕ್ಕೂ ಮಿಕ್ಕ ಜನರಲ್ಲಿ ಹೆಚ್ಚಿನವರು ಬೆಂಕಿಗೆ ಆಹುತಿಯಾದವರು. 1991ರ ಜೂನ್ 15ರಂದು ಫಿಲಿಪೈನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದ ದಿನವೇ 'ಯುನ್ಯಾ' ಬಿರುಗಾಳಿ ಅದರ ಪಕ್ಕದಲ್ಲಿ ಹಾದುಹೋಯಿತು. ಉದುರಿದ ಬೂದಿ ಮಳೆಯಲ್ಲಿ ನೆನೆದು ಭಾರವಾಗಿ ಮಾಡುಗಳು ಕುಸಿದವು. ಅಂದು ಸತ್ತವರಲ್ಲಿ ಬಹುಮಂದಿ ಸತ್ತದ್ದು ಹೀಗೆ. ಬಿರುಗಾಳಿ ಜ್ವಾಲಾಮುಖಿಯನ್ನು ಎಬ್ಬಿಸಲಿಲ್ಲ. ಅದರ ಕೆಡುಕನ್ನು ಹೆಚ್ಚಿಸಿತು.

ನಮಗೆ ಇದರಿಂದ ಪಾಠವೇನು? 2025ರ ಫೆಬ್ರವರಿ 17ರಂದು ಬೆಳಿಗ್ಗೆ 5 ಗಂಟೆ 36 ನಿಮಿಷಕ್ಕೆ ಧೌಲಾ ಕುವಾಂ ಬಳಿ 4.0 ಪರಿಮಾಣದ ಭೂಕಂಪವಾಗಿ ದೆಹಲಿಯೆಲ್ಲ ಎದ್ದು ಕುಳಿತಿತು. ಅಂದು ಬಿರುಗಾಳಿಯಿರಲಿಲ್ಲ, ಮುನ್ಸೂಚನೆಯೂ ಇರಲಿಲ್ಲ. ಚಂಡಮಾರುತವನ್ನು ದಿನಗಳ ಮೊದಲೇ ಹೇಳಬಹುದು. ಭೂಕಂಪದ ದಿನ, ಗಳಿಗೆಗಳನ್ನು ಹೇಳುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ. ಆದುದರಿಂದ 'ಗಾಳಿ ಬಂತು, ಇಂದು ರಾತ್ರಿ ಭೂಕಂಪ, ಎಲ್ಲರೂ ಹೊರಗೆ ಮಲಗಿ' ಎಂಬ ಸಂದೇಶ ಫೋನಿಗೆ ಬಂದರೆ ಅದನ್ನು ಇನ್ನೊಬ್ಬರಿಗೆ ದಾಟಿಸಬಾರದು. ಬಿರುಗಾಳಿಯಲ್ಲಿ ಮರದಡಿ, ವಿದ್ಯುತ್ ತಂತಿಯಡಿ ನಿಲ್ಲುವುದೇ ನಿಜವಾದ ಅಪಾಯ. ನೆಲ ನಡುಗಿದರೆ ಗಟ್ಟಿಯಾದ ಮೇಜಿನ ಕೆಳಗೆ ಕುಳಿತು ತಲೆ ಕಾಪಾಡಿಕೊಳ್ಳಬೇಕು, ಲಿಫ್ಟ್ ಹತ್ತಬಾರದು, ನಡುಕ ನಿಂತ ಮೇಲೆ ಗ್ಯಾಸ್ ಆರಿಸಿ, ಮೆಟ್ಟಿಲಿನಿಂದ ಇಳಿಯಬೇಕು. ಗೋಡೆಗೆ ಒರಗಿಸಿದ ಕಪಾಟನ್ನು ಮೊಳೆಯಿಂದ ಬಿಗಿಯುವ ಕೆಲಸವನ್ನು ಮಾತ್ರ ಇಂದೇ ಮಾಡಬಹುದು. ಅದಕ್ಕೆ ಯಾವ ಮುನ್ಸೂಚನೆಯೂ ಬೇಕಾಗಿಲ್ಲ.