ಕೈಗಾರಿಕಾ ಪ್ರದೇಶದಲ್ಲಿ ಶಾಲೆ: ಅನುಮತಿಗೆ ಮೊದಲೇ ಕೇಳಬೇಕಾದ ಪ್ರಶ್ನೆಗಳು

2024ರ ಆಗಸ್ಟ್. ಲಾಸ್ ಏಂಜಲೀಸ್‌ನ ವಾಟ್ಸ್ ಬಡಾವಣೆಯ ಜೋರ್ಡನ್ ಹೈಸ್ಕೂಲಿನಲ್ಲಿ ಹೊಸ ಶೈಕ್ಷಣಿಕ ವರ್ಷದ ಮೊದಲ ದಿನವೇ ಪಕ್ಕದ ಲೋಹದ ಗುಜರಿ ಯಾರ್ಡಿನಲ್ಲಿ ಸ್ಫೋಟವಾಯಿತು. ಎರಡರ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ಲೋಹದ ಚೂರುಗಳು ಶಾಲೆಯ ಆವರಣಕ್ಕೆ ಹಾರಿ ಬೀಳುತ್ತಿವೆ ಎಂಬ ದೂರು ಅಲ್ಲಿ ಹಲವು ವರ್ಷಗಳಿಂದ ಇತ್ತು. ಶಾಲೆ, ಕಾರ್ಖಾನೆ ಎರಡೂ ಬೇರೂರಿದ ಮೇಲೆ ಅವನ್ನು ಬೇರ್ಪಡಿಸುವುದು ಬಹಳ ಕಷ್ಟ. ಕ್ಯಾಲಿಫೋರ್ನಿಯಾದಲ್ಲಿ ಇಂಡಸ್ಟ್ರಿಯಲ್ ಪಾರ್ಕಿಗೆ ಚಾರ್ಟರ್ ಶಾಲೆ ಬರುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಅಲ್ಲಿನ ನಿವಾಸಿಗಳು ತಮ್ಮ ಹಕ್ಕುಗಳನ್ನು ತಿಳಿದುಕೊಳ್ಳಬೇಕಾದದ್ದು ಇದಕ್ಕಾಗಿಯೇ. ಸ್ಯಾನ್ ಹೊಸೆ, ಫ್ರೀಮಾಂಟ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ.

ಚಾರ್ಟರ್ ಶಾಲೆ ಸರ್ಕಾರದ ಹಣದಲ್ಲಿ ನಡೆಯುವ, ಶುಲ್ಕವಿಲ್ಲದ ಶಾಲೆ. ಆಡಳಿತ ಮಾತ್ರ ಸ್ವತಂತ್ರ ಸಂಸ್ಥೆಯ ಕೈಯಲ್ಲಿರುತ್ತದೆ. 1991ರಲ್ಲಿ ಮಿನೆಸೋಟ ಇದಕ್ಕೆ ಮೊದಲ ಕಾಯ್ದೆ ಮಾಡಿತು. ಮರುವರ್ಷ ಕ್ಯಾಲಿಫೋರ್ನಿಯಾವೂ ಮಾಡಿತು. ಇವುಗಳಿಗೆ ದೊಡ್ಡ ತಲೆನೋವೆಂದರೆ ಕಟ್ಟಡ. ಅರ್ಹ ಚಾರ್ಟರ್ ಶಾಲೆಗಳಿಗೆ ಸ್ಥಳೀಯ ಶಾಲಾ ಜಿಲ್ಲೆ ಕಟ್ಟಡ ಒದಗಿಸಬೇಕೆಂದು 2000ರಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 39 ಹೇಳುತ್ತದೆ. ಆದರೂ ಬೇಕಾದಲ್ಲಿ, ಬೇಕಾದಷ್ಟು ಜಾಗ ಎಲ್ಲರಿಗೂ ಸಿಗುವುದಿಲ್ಲ. ಆಗ ಖಾಲಿ ಬಿದ್ದ ಗೋದಾಮು, ಹಳೆಯ ಆಫೀಸು ಕಟ್ಟಡಗಳ ಕಡೆ ಕಣ್ಣು ಹೋಗುತ್ತದೆ.

ಎರಡೂ ಕಡೆಯ ಆತಂಕ

ಪೋಷಕರ ಚಿಂತೆ ಸ್ಪಷ್ಟ: ಲಾರಿಗಳ ಓಡಾಟ, ರಾಸಾಯನಿಕ ದಾಸ್ತಾನು, ಮಣ್ಣಿನಲ್ಲಿ ಉಳಿದಿರಬಹುದಾದ ವಿಷ. ಕಾರ್ಖಾನೆಯವರ ಚಿಂತೆಗೂ ಕಾನೂನಿನ ಆಧಾರವಿದೆ. ಶಾಲೆಯಿಂದ 1,000 ಅಡಿಯೊಳಗೆ ಹೊಸ ವಾಯುಮಾಲಿನ್ಯದ ಮೂಲಕ್ಕೆ ಪರವಾನಗಿ ಕೊಡುವ ಮುನ್ನ ವಾಯು ನಿಯಂತ್ರಣ ಜಿಲ್ಲೆ ಮಕ್ಕಳ ಪೋಷಕರಿಗೆ ನೋಟಿಸು ಕಳಿಸಬೇಕು. ಹಾಗಾಗಿ ಇವತ್ತು ಶಾಲೆ ಬಂದರೆ ನಾಳೆ ನೆರೆಯ ಕಾರ್ಖಾನೆಯ ವಿಸ್ತರಣೆ ತೊಡಕಿಗೆ ಸಿಕ್ಕಬಹುದು.

ಯಾರ ಮುಂದೆ ಯಾವ ಮಾತು

ಇಲ್ಲಿ ಎರಡು ಬೇರೆ ಬೇರೆ ತೀರ್ಮಾನಗಳಿವೆ. ಶಾಲೆಗೆ ಚಾರ್ಟರ್ ಕೊಡಬೇಕೇ ಎಂಬುದನ್ನು ಸಾಮಾನ್ಯವಾಗಿ ಶಾಲಾ ಜಿಲ್ಲೆಯ ಮಂಡಳಿ ನಿರ್ಧರಿಸುತ್ತದೆ. ಅರ್ಜಿ ಬಂದ 60 ದಿನಗಳೊಳಗೆ ಸಾರ್ವಜನಿಕ ಅಹವಾಲು ಸಭೆ, 90 ದಿನಗಳೊಳಗೆ ತೀರ್ಮಾನ ಆಗಬೇಕು. ಆ ಜಾಗದಲ್ಲಿ ಶಾಲೆ ನಡೆಯಬಹುದೇ ಎಂಬುದು ನಗರದ ವಲಯ ನಿಯಮಕ್ಕೆ ಸೇರಿದ ವಿಷಯ. ಕೈಗಾರಿಕಾ ವಲಯವಾದರೆ ಅನೇಕ ನಗರಗಳಲ್ಲಿ ಷರತ್ತುಬದ್ಧ ಬಳಕೆ ಪರವಾನಗಿ ಬೇಕು. ಅದನ್ನು ಯೋಜನಾ ಆಯೋಗ ವಿಚಾರಿಸುತ್ತದೆ. ಅಲ್ಲಿ ನಿಂತು ಶಾಲೆಯ ಪಾಠ ಚೆನ್ನಾಗಿಲ್ಲ ಎಂದು ವಾದಿಸಿದರೆ ತೂಕ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಅದೇ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟುವ ಫೋಟೊ ಮುಂದಿಟ್ಟರೆ ಬರುತ್ತದೆ.

ಈ ಎರಡು ಅಧಿಕಾರಗಳ ಗಡಿ ಸ್ಯಾನ್ ಹೊಸೆಯ ಟೇಮಿಯನ್ ಪ್ರದೇಶದ ಪ್ರಕರಣದಲ್ಲಿ ಸ್ಪಷ್ಟವಾಯಿತು. ಅಲ್ಲಿ ರಾಕೆಟ್‌ಶಿಪ್ ಚಾರ್ಟರ್ ಶಾಲೆಗಾಗಿ ಸಾಂಟಾ ಕ್ಲಾರಾ ಕೌಂಟಿಯ ಶಿಕ್ಷಣ ಮಂಡಳಿ ನಗರದ ವಲಯ ನಿಯಮದಿಂದ ವಿನಾಯಿತಿ ಕೊಟ್ಟಿತು. ಸ್ಥಳೀಯ ಶಾಲಾ ಜಿಲ್ಲೆ ನ್ಯಾಯಾಲಯಕ್ಕೆ ಹೋಯಿತು. ಅಂಥ ವಿನಾಯಿತಿ ಕೊಡುವ ಅಧಿಕಾರ ಕೌಂಟಿ ಮಂಡಳಿಗಿಲ್ಲ ಎಂದು 2017ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಶಾಲಾ ಜಿಲ್ಲೆಯೇ ಹೊಸ ನಿವೇಶನ ಕೊಳ್ಳುವಾಗ ಮಣ್ಣು, ಗಾಳಿ, ಸುತ್ತಲಿನ ಕೈಗಾರಿಕೆಗಳ ತಪಾಸಣೆಗೆ ರಾಜ್ಯದ ಕಟ್ಟುನಿಟ್ಟಾದ ವಿಧಿಗಳಿವೆ. ರಾಜ್ಯದ ಕಟ್ಟಡ ನಿಧಿ ಮುಟ್ಟದೆ ಖಾಸಗಿ ಕಟ್ಟಡ ಬಾಡಿಗೆಗೆ ಹಿಡಿಯುವ ಚಾರ್ಟರ್ ಶಾಲೆಗೆ ಅವೆಲ್ಲ ತಾವಾಗಿ ಅನ್ವಯವಾಗುವುದಿಲ್ಲ. ಆದ್ದರಿಂದ ನಗರದ ಅಹವಾಲು ಸಭೆಯೇ ಮುಖ್ಯ ಕಾವಲು. ಮಣ್ಣಿನ ಪರೀಕ್ಷೆ, ಗಾಳಿ ಶೋಧಕ, ಮಕ್ಕಳು ಇಳಿಯಲು ಪ್ರತ್ಯೇಕ ದಾರಿ, ತುರ್ತು ತೆರವಿನ ಯೋಜನೆ ಇವನ್ನೆಲ್ಲ ಪರವಾನಗಿಯ ಷರತ್ತಾಗಿ ಸೇರಿಸಿ ಎಂದು ಅಲ್ಲಿ ಕೇಳಬಹುದು.

ತಿಳಿಯುವ ಹಕ್ಕು, ಮಾತಾಡುವ ಹಕ್ಕು

ಅಹವಾಲು ಸಭೆಗೆ ಕನಿಷ್ಠ 10 ದಿನ ಮೊದಲು 300 ಅಡಿಯೊಳಗಿನ ಆಸ್ತಿ ಮಾಲೀಕರಿಗೆ ನೋಟಿಸು ಹೋಗುತ್ತದೆ. ಬಾಡಿಗೆದಾರರಿಗೆ ಅದು ಬರದೇ ಇರಬಹುದು. ಅಂಥವರು ತಮಗೂ ನೋಟಿಸು ಕಳಿಸುವಂತೆ ನಗರಕ್ಕೆ ಲಿಖಿತವಾಗಿ ಕೋರಬಹುದು. 1953ರ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಕಡತದ ಪ್ರತಿಗಳಿಗೆ ಸಾರ್ವಜನಿಕ ದಾಖಲೆ ಕಾಯ್ದೆಯಡಿ ಅರ್ಜಿ ಹಾಕಿದರೆ, ಕೊಡಬಹುದಾದ ದಾಖಲೆ ಇದೆಯೇ ಎಂಬುದನ್ನು ಸಾಮಾನ್ಯವಾಗಿ 10 ದಿನಗಳೊಳಗೆ ತಿಳಿಸಬೇಕು.

ಮಾತಾಡಲು ಅಮೆರಿಕದ ಪೌರತ್ವ ಬೇಕಿಲ್ಲ. ವೀಸಾದ ಮೇಲೆ ಇರುವವರೂ, ಮೊಮ್ಮಕ್ಕಳನ್ನು ನೋಡಲು ಬಂದ ಅಜ್ಜ-ಅಜ್ಜಿಯರೂ ಮಾತಾಡಬಹುದು. ಇಂಗ್ಲಿಷ್ ಬಾರದವರು ಅನುವಾದಕರ ನೆರವು ಪಡೆದರೆ ಅವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕು: ಉಳಿದವರಿಗೆ ಎರಡು ನಿಮಿಷವಾದರೆ ಕನ್ನಡದಲ್ಲಿ ಮಾತಾಡುವವರಿಗೆ ನಾಲ್ಕು. ಸಭೆಯಲ್ಲಿ ಏಕಕಾಲಿಕ ಅನುವಾದದ ಉಪಕರಣವಿದ್ದರೆ ಮಾತ್ರ ಇದು ಅನ್ವಯಿಸದು.

ಇಷ್ಟರಲ್ಲಿ ಬಹಳ ಮಂದಿ ಮರೆಯುವ ಮಾತೊಂದಿದೆ. ಅಹವಾಲು ಸಭೆಯಲ್ಲಾಗಲಿ, ಅದಕ್ಕೆ ಮೊದಲು ಪತ್ರದಲ್ಲಾಗಲಿ ಎತ್ತದ ಪ್ರಶ್ನೆಯನ್ನು ಆಮೇಲೆ ನ್ಯಾಯಾಲಯದಲ್ಲಿ ಎತ್ತಲು ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ಎರಡು ನಿಮಿಷದ ಮಾತನ್ನು ನಂಬಿಕೊಂಡು ಕೂರದೆ, ಪ್ರತಿ ಆಕ್ಷೇಪಣೆಯನ್ನೂ ಅಂಕಿ-ಅಂಶ, ಫೋಟೊ ಸಮೇತ ಬರೆದು ಸಲ್ಲಿಸಬೇಕು. ಶಾಲೆ ಬೇಕೆನ್ನುವ ಪೋಷಕರಿಗೂ ಇದೇ ದಾರಿ. ಅವರ ಬೆಂಬಲದ ಪತ್ರವೂ ದಾಖಲೆಯೇ.

ತೀರ್ಮಾನ ಬಂದ ಮೇಲೆ

ಆಯೋಗದ ತೀರ್ಮಾನದ ಮೇಲೆ ನಗರಸಭೆಗೆ ಮೇಲ್ಮನವಿ ಸಲ್ಲಿಸುವ ಗಡುವು ಊರಿಂದ ಊರಿಗೆ ಬೇರೆ. ಕೆಲವೆಡೆ ಹತ್ತೇ ದಿನ. ಪರವಾನಗಿಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವವರು ಅಂತಿಮ ತೀರ್ಮಾನದ 90 ದಿನಗಳೊಳಗೆ ದಾವೆ ಹೂಡಿ, ನಗರಕ್ಕೆ ಜಾರಿಯನ್ನೂ ಮಾಡಿಸಿರಬೇಕು. ಪರಿಸರ ಪರಿಶೀಲನೆಯಲ್ಲಿ ಲೋಪವಿದೆ ಎಂಬ ವಾದಕ್ಕೆ ಗಡುವು ಇನ್ನೂ ಚಿಕ್ಕದು: ನಿರ್ಧಾರದ ನೋಟಿಸು ದಾಖಲಾದರೆ 30 ದಿನ, ವಿನಾಯಿತಿ ನೋಟಿಸು ದಾಖಲಾದರೆ 35 ದಿನ. ಸಂದೇಹವಿದ್ದವರು ಮೊದಲ ವಾರದಲ್ಲೇ ಭೂಬಳಕೆ ವಕೀಲರನ್ನು ಕಂಡು, ಮೇಲ್ಮನವಿಯ ಶುಲ್ಕವನ್ನೂ ಕೊನೆಯ ತಾರೀಖನ್ನೂ ನಗರ ಕ್ಲರ್ಕ್ ಕಚೇರಿಯಿಂದ ಬರಹದಲ್ಲಿ ಪಡೆಯುವುದು ಒಳ್ಳೆಯದು.